ಬಿಸಿಲಿಗೆ ಹಿಡಿದು ಓದಿದ ಎದೆಗಳು

ಜಹೀರಾಬಾದಿನಲ್ಲಿ ತೆಗೆಸಿದ ಎದೆಯ ಎಕ್ಸ್‌ರೇ ನ್ಯಾಲ್ಕಲ್ ಕಡೆಗೆ ಬಂದರೆ ನೇರವಾಗಿ ರೋಗಿಯ ಮನೆಗೆ ಹೋಗುತ್ತಿರಲಿಲ್ಲ. ಆಟೋದಿಂದ ಇಳಿದು, ರಸ್ತೆ ದಾಟಿ, ಸಿದ್ದರಾಮನ ಚಹಾ ಹೋಟೆಲಿನ ಬೆಂಚಿಗೆ ಬರುತ್ತಿತ್ತು. ಡಾಕ್ಟರು ಅದನ್ನು ನೋಡಿ ಏನು ಬರೆದಿದ್ದಾರೆ ಎಂಬುದು ಅಲ್ಲಿ ಅಷ್ಟು ಮುಖ್ಯವಲ್ಲ. ಡಾಕ್ಟರು ನೋಡುವುದು ಗೋಡೆಗೆ ಹಚ್ಚಿದ ಟ್ಯೂಬ್‌ಲೈಟಿನಲ್ಲಿ, ಭೀಮಾಶಂಕರ ನೋಡುವುದು ಸೂರ್ಯನ ಬೆಳಕಿನಲ್ಲಿ. ಎರಡರಲ್ಲಿ ಯಾವುದು ದೊಡ್ಡದೆಂದು ಬೆಂಚಿನವರನ್ನು ಕೇಳಬೇಕಾಗಿರಲಿಲ್ಲ.

ಭೀಮಾಶಂಕರ ಅರವತ್ತು ದಾಟಿದವನು. ಬಿಳಿ ಧೋತರ, ಬಿಳಿ ಅಂಗಿ, ಜೇಬಿನಲ್ಲಿ ಬರೆಯದ ಪೆನ್ನು. ಫಿಲ್ಮನ್ನು ಕವರಿನಿಂದ ಎರಡೇ ಬೆರಳಲ್ಲಿ ಎಳೆದು, ನೆರಳು ಬಿಟ್ಟು ಬಿಸಿಲಿಗೆ ನಿಂತು, ಕೈ ಉದ್ದಕ್ಕೆ ಚಾಚಿ, ಎಡಗಣ್ಣು ಮುಚ್ಚುತ್ತಿದ್ದ. ಆಮೇಲೆ ಬಹಳ ಹೊತ್ತು ಏನೂ ಹೇಳುತ್ತಿರಲಿಲ್ಲ. ಹೀಗೆ ಸುಮ್ಮನಿರುವುದೇ ಅವನ ಅರ್ಧ ವಿದ್ಯೆ. ಚಹಾ ಸೋಸುತ್ತಿದ್ದ ಸಿದ್ದರಾಮನೂ ಕೈ ತಡೆದು ನಿಲ್ಲುತ್ತಿದ್ದ. ಕೊನೆಗೆ ತೀರ್ಪು ಬರುತ್ತಿತ್ತು. ತೀರ್ಪುಗಳು ಎರಡೇ. ಒಂದು ‘ಸುಟ್ಟದ’, ಇನ್ನೊಂದು ‘ಹಾಲು’.

ಫಿಲ್ಮಿನಲ್ಲಿ ಎದೆ ಕಪ್ಪಗೆ ಕಂಡರೆ ಸುಟ್ಟಿದೆ ಎಂದು. ಬೆಳ್ಳಗೆ ಕಂಡರೆ ಹಾಲಿನಂತೆ ಸ್ವಚ್ಛವಾಗಿದೆ ಎಂದು.

ತೊಂದರೆ ಇದ್ದದ್ದು ಒಂದೇ. ಎಕ್ಸ್‌ರೇಯಲ್ಲಿ ಗಾಳಿ ತುಂಬಿದ ಆರೋಗ್ಯವಂತ ಶ್ವಾಸಕೋಶ ಕಪ್ಪಗೇ ಕಾಣುತ್ತದೆ. ಆ ಕಪ್ಪಿನ ನಡುವೆ ಬಿಳಿ ಮೋಡ ಕಂಡರೆ, ಗಾಳಿ ಇರಬೇಕಾದ ಕಡೆ ಬೇರೇನೋ ಬಂದು ಕೂತಿದೆ ಎಂದರ್ಥ. ನೀರಿರಬಹುದು, ಕೀವಿರಬಹುದು, ಕಲ್ಲಿನ ಧೂಳಿನ ಗಾಯವಿರಬಹುದು, ಟಿಬಿ ಇರಬಹುದು. ಅಂದರೆ ಭೀಮಾಶಂಕರ ಮೂವತ್ತು ವರ್ಷದ ಹತ್ತಿರ ಎರಡು ಮಂಡಲಗಳ ಎದೆಗಳನ್ನು ಉಲ್ಟಾ ಓದಿದ. ಅರ್ಧ ಉಲ್ಟಾ ಅಲ್ಲ, ಪೂರ್ತಿ. ಸುಮ್ಮನೆ ಊಹಿಸಿ ಹೇಳುವವನಾಗಿದ್ದರೂ ಅರ್ಧದಷ್ಟು ಸರಿಯಾಗುತ್ತಿತ್ತು. ಇವನಿಗೆ ಒಂದು ಪದ್ಧತಿ ಇತ್ತು. ಹಾಗಾಗಿ ಒಂದೂ ಸರಿಯಾಗಲಿಲ್ಲ.

ವಿದ್ಯೆ ಸಿಕ್ಕದ್ದು ಜಹೀರಾಬಾದಿನ ಒಂದು ಖಾಸಗಿ ಎಕ್ಸ್‌ರೇ ಅಂಗಡಿಯಲ್ಲಿ. ಅದು ಮುಚ್ಚಿ ಎಷ್ಟೋ ಕಾಲವಾಯಿತು. ಅಲ್ಲಿ ಅವನ ಕೆಲಸ ಬಾಗಿಲಲ್ಲಿ ನಿಂತು ಹೆಸರು ಕೂಗುವುದು, ಹಸಿ ಫಿಲ್ಮುಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿ ಒಣಹಾಕುವುದು. ಸಾವಿರಾರು ಎದೆಗಳು ಅವನ ಕೈಯಲ್ಲಿ ನೀರು ತೊಟ್ಟಿಕ್ಕಿಸಿಕೊಂಡು ಒಣಗಿದವು. ಇದು ಏನು, ಅದು ಏನು ಎಂದು ಒಳಗಿನವರನ್ನು ಒಂದು ದಿನ ಕೇಳಿದ್ದರೆ ಸಾಕಿತ್ತು. ಕೇಳುವುದು ಅವನ ಸ್ವಭಾವದಲ್ಲಿರಲಿಲ್ಲ. ಒಲೆಯ ಹಿಂದಿನ ಗೋಡೆ ಹೊಗೆ ಕುಡಿದು ಕಪ್ಪಾಗುತ್ತದೆ, ಬೀಡಿ ಸೇದಿದವನ ಎದೆಯೂ ಹಾಗೇ ಆಗಬೇಕು, ಇದರಲ್ಲಿ ಕೇಳುವುದೇನಿದೆ? ಬೀಡಿ ಮುಟ್ಟದ ಹೆಂಗಸರ ಎದೆಯೂ ಕಪ್ಪಗೆ ಕಂಡಾಗ ಒಲೆಯ ಹೊಗೆ ಎಂದ. ಶಾಲೆಯ ಹುಡುಗರದೂ ಕಪ್ಪಗೆ ಕಂಡಾಗ ಅಪ್ಪನ ಬೀಡಿ ಎಂದ. ಯಾವ ಪ್ರಶ್ನೆಗೂ ಅವನಲ್ಲಿ ಉತ್ತರವಿಲ್ಲದೆ ಹೋಗಲಿಲ್ಲ.

ಹೀಗಿದ್ದೂ ಅವನ ಹೆಸರು ಹೇಗೆ ಬೆಳೆಯಿತು ಎಂದು ಹೊರಗಿನವರಿಗೆ ಅನಿಸಬಹುದು. ಹೀಗಿದ್ದದ್ದರಿಂದಲೇ ಬೆಳೆಯಿತು. ‘ಸುಟ್ಟದ’ ಎನ್ನಿಸಿಕೊಂಡವರು ಗಟ್ಟಿಮುಟ್ಟಾದ ಜನ. ಹೆದರಿ ಬೀಡಿ ಬಿಟ್ಟರು, ತತ್ತಿ ತಿಂದರು, ಆಡಿನ ಹಾಲು ಕುಡಿದರು, ಬದುಕಿದರು. ಮೊದಲೇ ಬದುಕುವವರಿದ್ದರು. ಆದರೆ ಸಾವಿನ ಬಾಯಿಂದ ಎದ್ದು ಬಂದೆವು ಎಂದು ಊರೂರಲ್ಲಿ ಹೇಳಿದರು. ‘ಹಾಲು’ ಎನ್ನಿಸಿಕೊಂಡವರು ಖುಷಿಯಿಂದ ಮನೆಗೆ ಹೋದರು. ಅವರಲ್ಲಿ ಕೆಲವರು ಡಾಕ್ಟರು ಕೊಟ್ಟ ಗುಳಿಗೆ ಬಿಡದೆ ನುಂಗಿ ಗುಣವಾದರು; ಆಗ ಭೀಮಾಶಂಕರ, “ನಾ ಮೊದಲೇ ಹೇಳಿದ್ದಿಲ್ಲೇನು, ಹಾಲು ಅದ ಅಂತ?” ಎಂದ. ಉಳಿದವರು ಸತ್ತರು. ಸತ್ತವರು ಬೆಂಚಿಗೆ ಬಂದು ತಕರಾರು ಮಾಡುವುದಿಲ್ಲ. ಅವರ ಮನೆಯವರೂ, “ಎದಿ ಚಲೋನೇ ಇತ್ತು, ಬ್ಯಾರೆ ಏನೋ ಆಗಿರಬೇಕು” ಎಂದು ಸಮಾಧಾನ ಮಾಡಿಕೊಂಡರು.

ಬದುಕಿದವರಲ್ಲಿ ಎಲ್ಲರಿಗಿಂತ ಗಟ್ಟಿ ಗಂಟಲು ಕುರಿ ಕಾಯುವ ಖಂಡೆಪ್ಪನದು. ಅವನ ಎದೆ ಸುಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಕುರಿಯ ಹಿಂದೆ ಗುಡ್ಡ ಹತ್ತುವಾಗ ಅವನ ಮಕ್ಕಳಿಗೆ ಏದುಸಿರು ಬರುತ್ತಿತ್ತು, ಅವನಿಗೆ ಬರುತ್ತಿರಲಿಲ್ಲ. “ಸುಟ್ಟ ಎದಿ ಇಟ್ಕೊಂಡು ಹಿಂಗ ಅಡ್ಡಾಡ್ತೀನಿ. ಸುಡಲಾರದೆ ಇದ್ದಿದ್ರ ಏನಾಗ್ತಿದ್ದೆನೋ!” ಎನ್ನುತ್ತಿದ್ದ.

ಸತ್ತವರಲ್ಲಿ ಒಬ್ಬ ಪೋಚಪ್ಪ. ತಾಂಡೂರಿನಲ್ಲಿ ನೆಲಗಲ್ಲಿಗೆ ಪಾಲಿಶ್ ಹಿಡಿಯುವ ಕೆಲಸದಲ್ಲಿದ್ದ. ಕೆಮ್ಮು ಹತ್ತಿ ಊರಿಗೆ ಬಂದಾಗ ಅಲ್ಲಿನ ದವಾಖಾನೆಯ ಫಿಲ್ಮನ್ನೂ ಗುಳಿಗೆಯನ್ನೂ ತಂದಿದ್ದ. ಫಿಲ್ಮಿನ ಬಲಗಡೆ ಮೇಲ್ಭಾಗದಲ್ಲಿ ದೊಡ್ಡ ಬಿಳಿ ಮೋಡ. ಭೀಮಾಶಂಕರ ಅದನ್ನು ಬಿಸಿಲಿಗೆ ಹಿಡಿದು ಎಂದಿಗಿಂತ ಹೆಚ್ಚು ಹೊತ್ತು ನೋಡಿದ. “ಎಲಾ ಪೋಚ್ಯಾ, ಕಲ್ಲಿಗಿ ಪಾಲಿಶ್ ಹಿಡದು ಹಿಡದು ನಿನ್ನ ಎದಿಗೂ ಪಾಲಿಶ್ ಆಗ್ಯಾದಲ್ಲೋ! ಹಾಲು ಅಂದ್ರ ಹಾಲು!” ಬೆಂಚಿನವರು ನಕ್ಕರು. ಪೋಚಪ್ಪನೂ ಕೆಮ್ಮುತ್ತ ನಕ್ಕ. ಮುಂದಿನ ಬೇಸಿಗೆಗೆ ಅವನಿರಲಿಲ್ಲ. ಅವನ ಹೆಂಡತಿ ಲಚ್ಚಮ್ಮ ಅಂದಿನಿಂದ ಅದೇ ಹೋಟೆಲಿನ ಹಿಂದೆ ಕೂತು ಚಹಾದ ಗ್ಲಾಸು ತೊಳೆಯುತ್ತಾಳೆ. ಭೀಮಾಶಂಕರನನ್ನು ಅಣ್ಣಾ ಎಂದು ಕರೆಯುತ್ತಾಳೆ.

ಮೊಬೈಲು ಬಂದಮೇಲೆ ವಿದ್ಯೆ ವಿಸ್ತಾರವಾಯಿತು. ನಾರಾಯಣಖೇಡದ ಲ್ಯಾಬಿನಲ್ಲಿ ಗಾಜಿನ ಪಟ್ಟಿಯ ಮೇಲೆ ಸವರಿದ ರಕ್ತದ ಹನಿಯ ಚಿತ್ರವನ್ನು ಜನ ಫೋನಿನಲ್ಲಿ ತಂದು ತೋರಿಸತೊಡಗಿದರು. ಭೀಮಾಶಂಕರ ಅದನ್ನೂ ಓದಿದ. ಕಣಗಳು ದುಂಡಗಿದ್ದರೆ “ಸಾಬೂದಾಣಿ ಇದ್ದಂಗ ಅವ, ರಕ್ತ ಸಾದಾ ಅದ.” ಒಮ್ಮೆ ಮನೂರ್ ಕಡೆಯ ಒಂದು ಹುಡುಗಿಯ ರಕ್ತದಲ್ಲಿ ಕಣಗಳು ಕುಡುಗೋಲಿನಂತೆ ಬಾಗಿದ್ದವು. ಅದು ಹುಟ್ಟಿನಿಂದ ಬರುವ ರಕ್ತದ ಕಾಯಿಲೆ, ಕೈಕಾಲು ನೋವಿನಲ್ಲಿ ಮಕ್ಕಳನ್ನು ಒದ್ದಾಡಿಸುವಂಥದು. ಭೀಮಾಶಂಕರ ಫೋನನ್ನು ಸೂರ್ಯನಿಗೆ ಹಿಡಿದು, ಏನೂ ಕಾಣದೆ, ಮತ್ತೆ ನೆರಳಿಗೆ ತಂದು ಕೈ ಮುಗಿದ. “ಬಿದಿಗಿ ಚಂದ್ರ! ಈ ಹುಡುಗಿ ರಕ್ತದಾಗ ಚಂದ್ರ ಹುಟ್ಟ್ಯಾನ!” ತಂದೆ ತಾಯಿ ತೆಂಗಿನಕಾಯಿ ಒಡೆದು ಮನೆಗೆ ಹೋದರು. ನಾರಾಯಣಖೇಡದ ಡಾಕ್ಟರು ಆ ಚಂದ್ರನನ್ನು ಅವರ ತಲೆಯಿಂದ ಇಳಿಸಲು ಮೂರು ಸಲ ಹೇಳಿಕಳಿಸಬೇಕಾಯಿತು.

ಹೀಗೆ ಎಲ್ಲ ಚೆನ್ನಾಗಿ ನಡೆದಿರುವಾಗ ಭೀಮಾಶಂಕರನಿಗೇ ಕೆಮ್ಮು ಬಂತು.

ಬಂದು ಹೋಗುವ ಕೆಮ್ಮಲ್ಲ, ಮನೆ ಮಾಡಿಕೊಂಡು ಕೂರುವ ಕೆಮ್ಮು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಧೋತರದ ಗಂಟು ಮೊದಲಿಗಿಂತ ಒಳಗೆ ಸರಿಯಿತು. ಅದೇ ಸಮಯಕ್ಕೆ ಮಗಳು ಲಾವಣ್ಯ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮನೆಯಲ್ಲಿ ಎಳೆ ಕೂಸು, ಮೊದಲ ಮೊಮ್ಮಗಳು. ಭೀಮಾಶಂಕರ ಒಂದು ಮುಂಜಾನೆ ಸ್ನಾನ ಮಾಡಿ ಬಂದು ಕೂಸಿಗೆ ಕೈ ಚಾಚಿದ. ಅವನ ಹೆಂಡತಿ ಮೋನಮ್ಮ ನಡುವೆ ಬಂದು ನಿಂತಳು.

“ಮೊದಲ ಎಕ್ಸ್‌ರೇ ತೆಗಿಸ್ಕೊಂಡ್ ಬರ್ರಿ. ಆಮ್ಯಾಲ ಕೂಸಿಗಿ ಮುಟ್ರಿ.”

“ಏ ಮೋನಿ, ನನಗ ಎಕ್ಸ್‌ರೇ ಹೇಳಾಕ ಬರ್ತಿ? ನನಗ?”

“ಊರ ಮಂದಿ ಎದಿ ಎಲ್ಲಾ ನೋಡಿದ್ದಾತಲ್ಲ. ನಿಮ್ಮದೂ ಒಂದು ಉಳದದ, ನೋಡ್ಕೊಳ್ರಿ.”

ಮೋನಮ್ಮ ಓದಿದವಳಲ್ಲ. ಎಕ್ಸ್‌ರೇಯಲ್ಲಿ ಕಪ್ಪೇನು ಬಿಳಿಯೇನು ಅವಳಿಗೂ ಗೊತ್ತಿರಲಿಲ್ಲ. ರಾತ್ರಿ ಪಕ್ಕದಲ್ಲಿ ಕೆಮ್ಮುವವನ ಕೆಮ್ಮು ಮಾತ್ರ ಗೊತ್ತಿತ್ತು.

ಆ ವಾರವೇ ಊರ ಶಾಲೆಗೆ ಟಿಬಿ ತಪಾಸಣೆಯ ಗಾಡಿ ಬಂತು. ಜೊತೆಗೆ ಬಂದವನು ಸಾಯಿಕುಮಾರ ಎಂಬ ತರುಣ. ಅವನ ಎಕ್ಸ್‌ರೇ ಯಂತ್ರ ಮದುವೆಯ ಫೋಟೋ ತೆಗೆಯುವವನ ಕ್ಯಾಮೆರಾದಷ್ಟೇ ಇತ್ತು. ಎದುರು ಒಂದು ಹಲಗೆ, ಪಕ್ಕದಲ್ಲಿ ಲ್ಯಾಪ್‌ಟಾಪು. ಎದೆಯ ಚಿತ್ರ ಅದರಲ್ಲಿ ಮೂಡುತ್ತಿತ್ತು, ಅನುಮಾನ ಬಂದ ಜಾಗಕ್ಕೆ ಕಂಪ್ಯೂಟರು ತಾನೇ ಕೆಂಪು ಬಳಿಯುತ್ತಿತ್ತು. ಊರವರು ಸಾಲು ನಿಂತರು. ಭೀಮಾಶಂಕರ ಸಾಲಿನಲ್ಲಿ ನಿಲ್ಲಲಿಲ್ಲ. ಹೆಡ್‌ಮಾಸ್ತರರ ಕುರ್ಚಿ ತರಿಸಿ ಲ್ಯಾಪ್‌ಟಾಪಿನ ಪಕ್ಕಕ್ಕೆ ಹಾಕಿಸಿಕೊಂಡ.

“ಫಿಲ್ಮ್ ಎಲ್ಲದ?” ಎಂದ.

“ಫಿಲ್ಮ್ ಇರಂಗಿಲ್ಲ ತಾತಾ. ಎಲ್ಲಾ ಇದರಾಗೇ,” ಎಂದ ಸಾಯಿಕುಮಾರ.

“ಮತ್ತ ಬಿಸಿಲಿಗಿ ಹ್ಯಾಂಗ ಹಿಡೀತಿ?”

“ಲ್ಯಾಪ್‌ಟಾಪ್ ಬಿಸಿಲಿಗಿ ಹಿಡದ್ರ ಏನೂ ಕಾಣಂಗಿಲ್ಲ ತಾತಾ.”

ಭೀಮಾಶಂಕರ ಸಾಲಿನ ಕಡೆ ತಿರುಗಿದ. “ಕೇಳಿದ್ರೇನು? ಸೂರ್ಯಾಗ ಅಂಜೋ ಮಷೀನು!”

ಸಾಲು ನಕ್ಕಿತು. ಮೊದಲು ಖಂಡೆಪ್ಪ ಹೋಗಿ ಹಲಗೆಗೆ ಎದೆ ಕೊಟ್ಟ. ತೆರೆಯ ಮೇಲೆ ಎರಡೂ ಕಡೆ ಅಚ್ಚ ಕಪ್ಪು. ಕೆಂಪು ಎಲ್ಲೂ ಬರಲಿಲ್ಲ.

“ಆರಾಮ ಅದ. ಹೋಗ್ರಿ,” ಎಂದ ಸಾಯಿಕುಮಾರ.

“ಏನ್ ಹೋಗ್ರಿ? ಛಂದಾಗಿ ನೋಡು,” ಎಂದ ಖಂಡೆಪ್ಪ. “ನಂದು ಸುಟ್ಟ ಎದಿ.”

“ಸುಟ್ಟಿಲ್ಲ ಕಾಕಾ. ಏನೂ ಆಗಿಲ್ಲ ನಿಮಗ.”

“ಎಲಾ ಇವನ! ಸುಟ್ಟು ಇಪ್ಪತ್ತು ವರ್ಷಾತು. ಊರಿಗೇ ಗೊತ್ತದ, ನಿನ್ನ ಡಬ್ಬಿಗಿ ಗೊತ್ತಿಲ್ಲ!”

ಮುಂದೆ ಭೀಮಾಶಂಕರ ಎದ್ದ. ಪೆನ್ನು ತೆಗೆದು ಮೋನಮ್ಮನ ಕೈಗೆ ಕೊಟ್ಟು ಹಲಗೆಯ ಮುಂದೆ ನಿಂತ. ಚಿತ್ರ ಮೂಡುವ ಹೊತ್ತಿಗೆ ಕುರ್ಚಿಗೆ ವಾಪಸು ಬಂದಿದ್ದ. ಬಲಗಡೆ, ಮೇಲೆ, ಮೆತ್ತನೆಯ ಬಿಳಿ ಮೋಡ.

“ಹಾಲು!” ಎಂದು ಕೂಗಿದ. “ನೋಡ್ರಿ, ಹಾಲು! ಏ ಮೋನಿ, ಬಾ ಇಲ್ಲಿ, ನೋಡು!”

ಮೋನಮ್ಮ ಬಂದು ನೋಡುವಷ್ಟರಲ್ಲಿ ಕಂಪ್ಯೂಟರು ಆ ಹಾಲಿಗೆ ಕೆಂಪು ಬಳಿದಿತ್ತು.

ಸಾಯಿಕುಮಾರನ ದನಿ ಸಣ್ಣದಾಯಿತು. “ತಾತಾ, ಇದಕ್ಕ ಕಫ ಟೆಸ್ಟ್ ಮಾಡಬೇಕು. ಈ ಡಬ್ಬ್ಯಾಗ ಉಗುಳಿ ಕೊಡ್ರಿ.”

ಭೀಮಾಶಂಕರ ಎದ್ದು ನಿಂತ. ಹೀಗೆ ಎದ್ದು ನಿಂತು ಮಾತಾಡುವುದು ಅವನಿಗೆ ಚೆನ್ನಾಗಿ ರೂಢಿಯಿತ್ತು. “ಸುಟ್ಟ ಎದಿಗಿ ಆರಾಮ ಅಂತದ. ಹಾಲಿನಂಥ ಎದಿಗಿ ಕೆಂಪು ಹಚ್ಚತದ. ಮಷೀನು ಉಲ್ಟಾ ಅದ! ಇಂಥದಕ್ಕ ಎದಿ ಕೊಡೋರು ಕೊಡ್ರಿ.”

ತರ್ಕದಲ್ಲಿ ತಪ್ಪಿರಲಿಲ್ಲ. ಇಬ್ಬರಲ್ಲಿ ಯಾರೋ ಒಬ್ಬರು ಉಲ್ಟಾ ಎಂಬುದು ಖರೇ. ಯಾರು ಎಂಬ ಬಗ್ಗೆ ಊರಿಗೆ ಅನುಮಾನವಿರಲಿಲ್ಲ. ಸಾಲು ಒಬ್ಬೊಬ್ಬರಾಗಿ ಕರಗಿತು. ಕೊನೆಗೆ ಉಳಿದವಳು ಲಚ್ಚಮ್ಮ.

“ಅಣ್ಣಾ, ನಾ ತೆಗಿಸ್ಲೇನು, ಬ್ಯಾಡೇನು? ದಿನಾ ಹೋಟೆಲಿನ ಹೊಗ್ಯಾಗೇ ಇರ್ತೀನಿ.”

“ಉಲ್ಟಾ ಮಷೀನಿಗಿ ಎದಿ ಯಾಕ ಕೊಡ್ತಿ ತಂಗಿ? ಮನಿಗಿ ನಡಿ.”

ಅವಳು ಹೋದಳು. ಕುರ್ಚಿಯ ಮೇಲೆ ಉಳಿದಿದ್ದ ಕಫದ ಡಬ್ಬಿಯನ್ನು ಮೋನಮ್ಮ ಸೆರಗಿನಲ್ಲಿ ಕಟ್ಟಿಕೊಂಡಳು.

ಆ ಸಂಜೆ ಭೀಮಾಶಂಕರ ಹೋಟೆಲಿಗೆ ಹೋಗಲಿಲ್ಲ. ಅಂಗಳದ ಕಟ್ಟೆಯ ಮೇಲೆ ಕೂತ. ಗೆದ್ದು ಬಂದವನ ಮುಖ ಅದಲ್ಲ. ಬಲಗಡೆ ಮೇಲಿನ ಆ ಮೋಡವನ್ನು ಅವನು ಹಿಂದೆ ನೋಡಿದ್ದ. ಅಂಥದೇ ಜಾಗ, ಅಂಥದೇ ಆಕಾರ. ಎಲ್ಲಿ ಎಂದು ಹುಡುಕಬೇಕಾಗಲಿಲ್ಲ: ಪೋಚಪ್ಪನ ಪಾಲಿಶು. ಪೋಚಪ್ಪ ಸತ್ತ. ಅವನಿಗಿಂತ ಮೊದಲು ಹಾಲು ಎನ್ನಿಸಿಕೊಂಡ ಕೊಡಂಗಲ್ಲಿನ ಬೀಗರ ಕಡೆಯವನೊಬ್ಬ ಸತ್ತ. ಬಳೆಗಾರ್ತಿ ಬಂಡಮ್ಮ ಸತ್ತಳು. ನೆನಪಿಗೆ ಬಂದ ಹಾಲುಗಳಲ್ಲಿ ಗುಳಿಗೆ ಬಿಟ್ಟವರು ಯಾರೂ ಉಳಿದಿರಲಿಲ್ಲ. ಸುಟ್ಟವರೆಲ್ಲ ಸಿದ್ದರಾಮನ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

ಜೀವಮಾನದಲ್ಲಿ ಮೊದಲ ಸಲ ಭೀಮಾಶಂಕರನಿಗೆ ಯಾರನ್ನಾದರೂ ಕೇಳಬೇಕು ಅನ್ನಿಸಿತು. ಕೇಳಲು ಯಾರೂ ಇರಲಿಲ್ಲ, ಏಕೆಂದರೆ ಎಲ್ಲರೂ ಅವನನ್ನೇ ಕೇಳುವವರು.

ಮರುದಿನ ಮುಂಜಾನೆ ಮೋನಮ್ಮ ಚಹಾದ ಜೊತೆ ಡಬ್ಬಿಯನ್ನೂ ಇಟ್ಟಳು. “ಉಗುಳ್ರಿ. ಆಮ್ಯಾಲ ಚಾ ಕುಡೀರಿ.”

ಅವನು ಡಬ್ಬಿ ಎತ್ತಿಕೊಂಡು ಉಗುಳಿದ. ಅವಳಿಗೆ ಆಶ್ಚರ್ಯವಾಯಿತು, ತೋರಿಸಲಿಲ್ಲ.

ಟಿಬಿ ಎಂದು ಖಚಿತವಾಯಿತು. ಜಹೀರಾಬಾದಿನಲ್ಲಿ ಡಾಕ್ಟರು ಸೌಂದರ್ಯಾ ಅವನ ಚಿತ್ರವನ್ನು ತೆರೆಯ ಮೇಲೆ ತೆಗೆದು ಬೆರಳಿಟ್ಟು ತೋರಿಸಿದರು. “ಇಲ್ಲಿ ಬಿಳಿ ಕಾಣ್ತದಲ್ಲ, ಅದೇ ರೋಗ. ಕರ್ರಗ ಇರೋದೆಲ್ಲ ಚಲೋ ಇರೋ ಭಾಗ.”

“ಗೊತ್ತದ್ರಿ ಮೇಡಂ,” ಎಂದ ಭೀಮಾಶಂಕರ. “ನಾ ಎಕ್ಸ್‌ರೇ ಲೈನ್‌ದಾಗೇ ಇದ್ದವ.”

ಮೋನಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಆರು ತಿಂಗಳು ಗುಳಿಗೆ, ಒಂದು ದಿನವೂ ತಪ್ಪಬಾರದು, ಎಂದರು ಡಾಕ್ಟರು. ಸದ್ಯ ಮನೆಯಲ್ಲೇ ಬೇರೆ ಮಲಗಬೇಕು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಕೂಸನ್ನು ಕರೆತಂದು ತೋರಿಸಬೇಕು, ಅದಕ್ಕೂ ಮುನ್ನೆಚ್ಚರಿಕೆಯ ಔಷಧ ಬೇಕಾಗುತ್ತದೆ. “ನೀವು ದಿನಾ ಯಾರ ಜೋಡಿ ಕೂಡ್ತೀರಿ, ಅವರೆಲ್ಲರಿಗೂ ತಪಾಸಣೆಗೆ ಕರಕೊಂಡ್ ಬರ್ರಿ.”

“ನಾ ಒಬ್ಬನೇ ಕೂಡ್ತೀನ್ರಿ.”

“ಸುಳ್ಳು ಮೇಡಂ,” ಎಂದಳು ಮೋನಮ್ಮ ಕಿಟಕಿಯಿಂದಲೇ. “ಅರ್ಧ ಊರ ಜೋಡಿ ಕೂಡ್ತಾರ.”

ವಾಪಸು ಬರುವಾಗ ಅವಳು ತನ್ನ ಷರತ್ತು ಹೇಳಿದಳು. ಕೂಸು ಅವನ ತೊಡೆಗೆ ಬರಬೇಕಾದರೆ ಎರಡು ಕೆಲಸ ಆಗಬೇಕು. ಡಾಕ್ಟರಮ್ಮ ಹೂಂ ಅನ್ನಬೇಕು. ಅವನು ಹೋಟೆಲಿನಲ್ಲಿ ನಾಲ್ಕು ಮಂದಿ ಮುಂದೆ ತನ್ನ ಓದು ಉಲ್ಟಾ ಎಂದು ಹೇಳಬೇಕು.

ಡಾಕ್ಟರಮ್ಮ ಕೆಲವು ವಾರಗಳಲ್ಲೇ ಹೂಂ ಅಂದರು. ಗುಳಿಗೆ ಹಿಡಿದಿತ್ತು, ಅಂಟಿಸುವ ಹಂತ ದಾಟಿತ್ತು. ಎರಡನೆಯದು ಮಾತ್ರ ಹಾಗೇ ಉಳಿಯಿತು. ಭೀಮಾಶಂಕರ ಗುಳಿಗೆಯನ್ನು ದೇವರ ಪ್ರಸಾದದಷ್ಟು ಶಿಸ್ತಿನಿಂದ ನುಂಗುತ್ತಿದ್ದ, ಅಷ್ಟೇ ಶಿಸ್ತಿನಿಂದ ಯಾರಿಗೂ ಹೇಳದೆ ಇದ್ದ. ಹೋಟೆಲಿನವರಿಗೆ ಬಂದದ್ದು ಹವಾ ಬದಲಾದ ಜ್ವರ ಎಂಬ ಸುದ್ದಿ. ತೊಟ್ಟಿಲ ಹತ್ತಿರ ಬಂದು ನಿಲ್ಲುತ್ತಿದ್ದ, ಮೋನಮ್ಮ ಕೂಸನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಇಬ್ಬರಲ್ಲಿ ಯಾರೂ ಸೋಲುವ ಲಕ್ಷಣ ಇರಲಿಲ್ಲ.

ಒಂದು ಸಂಜೆ ಅವಳು ನೀರು ತಂದವಳು ಕೊಡ ಇಳಿಸದೆಯೇ ಹೇಳಿದಳು. “ಲಚ್ಚಮ್ಮ ಕೆಮ್ಮಲತ್ತಾಳ. ನಿಮ್ಮಂಗೇ.”

ಭೀಮಾಶಂಕರ ಎದ್ದು ಅಂಗಿ ಹಾಕಿಕೊಂಡ.

ಹೋಟೆಲಿನಲ್ಲಿ ಬೆಂಚು ತುಂಬಿತ್ತು. ಖಂಡೆಪ್ಪ ಸರಿದು ಜಾಗ ಕೊಟ್ಟ. ದಾರಿಯುದ್ದಕ್ಕೂ ಭೀಮಾಶಂಕರ ಒಂದು ಉಪಾಯ ಹೆಣೆದುಕೊಂಡು ಬಂದಿದ್ದ, ಮೋನಮ್ಮನ ಮಾತೂ ನಡೆಯಬೇಕು, ತನ್ನ ಮಾನವೂ ಉಳಿಯಬೇಕು. ಗಂಟಲು ಸರಿಮಾಡಿಕೊಂಡು ಆರಂಭಿಸಿದ. “ಒಂದು ಮಾತು. ಈಗಿನ ಹೊಸಾ ಮಷೀನ್‌ದಾಗ ಕರೀದು ಬಿಳೀದು ಅದಲು ಬದಲು ಮಾಡ್ಯಾರ. ಮೊದಲು ಕರೀದು ಕೆಟ್ಟದ್ದು ಇತ್ತು, ಈಗ ಬಿಳೀದು ಕೆಟ್ಟದ್ದು. ಅದಕ್ಕ ಎಲ್ಲಾರೂ ಹೋಗಿ ಹೊಸಾದರಾಗ ತೆಗಿಸ್ಕೊಳ್ರಿ.”

“ಹಂಗನ್ನು!” ಎಂದ ಸಿದ್ದರಾಮ. “ಸರ್ಕಾರದವರು ಏನರೆ ಒಂದು ಬದಲಿ ಮಾಡ್ತಾನೇ ಇರ್ತಾರ.”

ಎಲ್ಲರೂ ತಲೆಯಾಡಿಸಿದರು. ಇಷ್ಟು ಸುಲಭವಾಗಿ ಮುಗಿಯುತ್ತದೆ ಎಂದು ಅವನಿಗೂ ಅನ್ನಿಸಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಲಚ್ಚಮ್ಮ ಕೆಮ್ಮುತ್ತ ಎದ್ದು ಬಂದಳು. ಕೈಯೆಲ್ಲ ಸಾಬೂನಿನ ನೊರೆ.

“ಹಂಗಿದ್ರ ನನಗ ಹೊಸಾದು ಬ್ಯಾಡ ಅಣ್ಣಾ. ಜಹೀರಾಬಾದಿನ್ಯಾಗ ಎಲ್ಲರೆ ಹಳೀ ಫಿಲ್ಮೇ ತೆಗಿಸ್ಕೊಂಡು ಬರ್ತೀನಿ. ನೀನೇ ಬಿಸಿಲಿಗಿ ಹಿಡದು ನೋಡು. ಅವರಿಗಿ ನೋಡ್ದಂಗ.”

‘ಅವರಿಗೆ’ ಎಂದರೆ ಪೋಚಪ್ಪನಿಗೆ. ಭೀಮಾಶಂಕರ ಅವಳ ಮುಖ ನೋಡಿದ. ಅವಳು ಹಂಗಿಸುತ್ತಿರಲಿಲ್ಲ. ನಂಬಿ ಹೇಳುತ್ತಿದ್ದಳು. ಹಂಗಿಸಿದ್ದರೆ ಅವನಲ್ಲಿ ಉತ್ತರವಿತ್ತು.

“ಬ್ಯಾಡ ತಂಗಿ,” ಎಂದ. “ಹಳೀದೂ ಹಂಗೇ ಇತ್ತು. ಮಷೀನು ಬದಲಾಗಿಲ್ಲ. ನಾ ಮೊದಲಿಂದ ಉಲ್ಟಾ ನೋಡಿದೆ. ಕರೀದು ಚಲೋದು. ಬಿಳೀದೇ ಜಡ್ಡು. ನನಗ ಟಿಬಿ ಆಗ್ಯಾದ, ಗುಳಿಗಿ ನುಂಗಲತ್ತೀನಿ.”

ಬೆಂಚಿನ ಮೇಲೆ ಗ್ಲಾಸು ಇಟ್ಟ ಸದ್ದು ಕೇಳಿತು. ಮೊದಲು ಸಿಡಿದವನು ಖಂಡೆಪ್ಪ.

“ಏ ಭೀಮ್ಯಾ, ಏನ್ ಮಾತಾಡ್ತಿ? ಹಂಗಾದ್ರ ನಂದು ಸುಟ್ಟಿದ್ದಿಲ್ಲೇನು?”

“ಸುಟ್ಟಿದ್ದಿಲ್ಲೋ. ನಿನಗೇನೂ ಆಗಿದ್ದಿಲ್ಲ.”

“ಏನೂ ಆಗಿದ್ದಿಲ್ಲ? ಬೀಡಿ ಬಿಟ್ಟೆ! ವರ್ಷಾನುಗಟ್ಟಲೆ ಆಡಿನ ಹಾಲು ಕುಡದೆ! ಸತ್ತು ಬದುಕೀನಿ ನಾ!” ಖಂಡೆಪ್ಪ ಎದೆ ಬಡಿದುಕೊಂಡ. ಒಳಗಿನಿಂದ ಒಳ್ಳೆಯ, ಪೊಳ್ಳು ಡೋಲಿನಂಥ, ಆರೋಗ್ಯದ ಸದ್ದು ಬಂತು. “ಇದೇನು ಸುಳ್ಳೇನು? ನನ್ನ ಬದುಕಿಸಿದ ಪುಣ್ಯ ನಿನಗ ಬ್ಯಾಡ ಆಗಿದ್ರ ಬಿಡು, ಸುಟ್ಟಿದ್ದಿಲ್ಲ ಅನಬ್ಯಾಡ!”

“ಟಿಬಿ ತಲಿಗಿ ಏರ್ಯಾದ ಇವನಿಗಿ,” ಎಂದ ಸಿದ್ದರಾಮ ಮೆಲ್ಲಗೆ. ಇನ್ನೊಬ್ಬ, “ಜಡ್ಡು ಬಂದ ಮನಷ್ಯಾ ಏನರೆ ಅಂತಾನ, ಮನಸಿಗಿ ತಗೋಬ್ಯಾಡ ಖಂಡೆಪ್ಪ,” ಎಂದ. ಬೆಂಚಿನ ತುಂಬ ಸುಟ್ಟವರೇ ಇದ್ದರು. ಮೂವತ್ತು ವರ್ಷದಲ್ಲಿ ಭೀಮಾಶಂಕರ ಹೇಳಿದ ಮಾತುಗಳಲ್ಲಿ ಅವರು ನಂಬದೇ ಹೋದದ್ದು ಇದೊಂದೇ.

ಲಚ್ಚಮ್ಮ ನಿಂತೇ ಇದ್ದಳು. ಕೈಯ ನೊರೆ ಒಣಗತೊಡಗಿತ್ತು.

“ಅವ ಖರೇ ಹೇಳ್ಯಾನ,” ಎಂದಳು. ಅಣ್ಣಾ ಎನ್ನಲಿಲ್ಲ. ಭೀಮಾಶಂಕರನ ಕಡೆ ತಿರುಗಿದಳು. “ತಾಂಡೂರಿನ್ಯಾಗ ನನ್ನ ಗಂಡಗ ಗುಳಿಗಿ ಕೊಟ್ಟಿದ್ರು. ಕೆಂಪನ್ನ ಗುಳಿಗಿ, ಉಚ್ಚಿ ಸೈತ ಕೆಂಪಾಗ್ತಿತ್ತು. ನೀ ಹಾಲು ಅಂದಿ. ಹಾಲಿನಂಥ ಎದಿಗಿ ಗುಳಿಗಿ ಯಾಕ ಅಂತ ಅವರು ಬಿಟ್ರು. ಮನ್ಯಾಗ ಮಕ್ಕಳು ಬಾಯಾಗ ಹಾಕ್ಕೊಂಡಾವು ಅಂತ ನಾನೇ ಒಯ್ದು ಬಾವ್ಯಾಗ ಚೆಲ್ಲಿ ಬಂದೆ. ಈ ಕೈಲೆ.”

ಭೀಮಾಶಂಕರನ ಹತ್ತಿರ ಎಲ್ಲದಕ್ಕೂ ಉತ್ತರವಿರುತ್ತಿತ್ತು. ಬೆಂಚಿನವರು ಅಭ್ಯಾಸದಂತೆ ಅವನ ಬಾಯಿ ನೋಡಿದರು. ಅವನು ಸುಮ್ಮನಿದ್ದ. ಈ ಸಲ ಅದು ವಿದ್ಯೆಯಾಗಿರಲಿಲ್ಲ.

“ನಾಳಿಗಿ ಜಹೀರಾಬಾದಿಗಿ ಹೋಗ್ತೀನಿ,” ಎಂದಳು ಲಚ್ಚಮ್ಮ. “ನೀನೂ ಬಾ. ಡಾಕ್ಟರಮ್ಮಗ ನೀ ಹೇಳು, ಯಾರಿಂದ ಬಂತು ಅಂತ.”

ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಮೋನಮ್ಮ ಕಟ್ಟೆಯ ಮೇಲೆ ಕೂತವನ ತೊಡೆಗೆ ಕೂಸನ್ನು ತಂದು ಹಾಕಿದಳು. “ಕುತ್ತಿಗಿ ಹಿಡೀರಿ. ಕುತ್ತಿಗಿ ಇನ್ನಾ ನಿಂತಿಲ್ಲ,” ಎಂದು ಹೇಳಿ, ಪಕ್ಕದಲ್ಲೇ ಕೂತಳು. ಅವನು ಕುತ್ತಿಗೆ ಹಿಡಿದ. ಕೂಸು ಅವನನ್ನು ನೋಡದೆ ನಿದ್ದೆ ಮಾಡಿತು.

ಮರುದಿನ ಆಟೋದಲ್ಲಿ ಲಚ್ಚಮ್ಮ ಹಿಂದೆ ಕೂತಳು. ಅವನು ಪಕ್ಕಕ್ಕೆ ಬರಹೋದಾಗ, “ನೀ ಮುಂದ ಕೂಡು,” ಎಂದಳು. ಡ್ರೈವರನ ಪಕ್ಕ ಅರ್ಧ ಕುಂಡೆಯ ಮೇಲೆ ಕೂತು ಭೀಮಾಶಂಕರ ಜಹೀರಾಬಾದು ಮುಟ್ಟಿದ. ಡಾಕ್ಟರು ಸೌಂದರ್ಯಾ ಅವಳ ಎದೆಯ ಚಿತ್ರವನ್ನು ತೆರೆಯ ಮೇಲೆ ತೆಗೆದರು. ಅವನ ಕತ್ತು ತಾನಾಗಿಯೇ ಮುಂದೆ ಬಂತು, ಎಡಗಣ್ಣು ಮುಚ್ಚುವುದರಲ್ಲಿತ್ತು.

“ಮೇಡಂ, ಇವನಿಗಿ ಹೊರಗ ಕಳಿಸ್ರಿ,” ಎಂದಳು ಲಚ್ಚಮ್ಮ. “ನನ್ನ ಎದಿ ಇವ ನೋಡಬಾರದು.”

ಅವನು ಹೊರಗೆ ಬಂದು ಗೋಡೆಗೆ ಆನಿಕೊಂಡು ನಿಂತ. ಕಫ ಕೊಟ್ಟು, ಕಾದು, ಪರೀಕ್ಷೆಯ ಫಲ ಕೇಳಿ ಅವಳು ಹೊರಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಅವಳ ಕೈಯಲ್ಲಿ ಗುಳಿಗೆಯ ಪಟ್ಟಿಗಳಿದ್ದವು. ಕೆಂಪು ಗುಳಿಗೆ.

ಆಟೋ ನ್ಯಾಲ್ಕಲ್ ದಾರಿ ಹಿಡಿಯಿತು. ಚೀಲ ಕಾಲ ಬಳಿ ಖಾಲಿ ಬಿದ್ದಿತ್ತು. ಅವಳು ಗುಳಿಗೆಯನ್ನು ಚೀಲಕ್ಕೆ ಹಾಕಿರಲಿಲ್ಲ. ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಎದೆಗೆ ಒತ್ತಿಕೊಂಡಿದ್ದಳು. ಗುಂಡಿಗಳಲ್ಲಿ ಆಟೋ ಎತ್ತಿ ಹಾಕಿದಾಗಲೂ ಸರಳು ಹಿಡಿಯಲು ಕೈ ಬಿಡಲಿಲ್ಲ. ಭೀಮಾಶಂಕರ ಎರಡು ಸಲ ಹಿಂದೆ ತಿರುಗಿದ. ಎರಡು ಸಲವೂ ಅವಳು ಮುಷ್ಟಿಯನ್ನು ಇನ್ನಷ್ಟು ಹಿಂದಕ್ಕೆ ಎಳೆದುಕೊಂಡಳು.